ಇನ್ನೂರು ಕಿಲೋಮೀಟರಿನ ಹದ: ವೇಗ, ಎದೆಬಡಿತ, ವಾಟ್, ಉಸಿರು

ದೂರದ ಸವಾರಿಯಲ್ಲಿ ಮೈಯಲ್ಲಿರುವ ಶಕ್ತಿಯನ್ನು ಕೊನೆಯ ಗಂಟೆಯವರೆಗೆ ಹೇಗೆ ಹಂಚಿಕೊಳ್ಳಬೇಕೆಂಬುದಕ್ಕೆ ಬೆಂಗಳೂರಿನ ಸೈಕಲ್ ಸವಾರರಲ್ಲಿ ನಾಲ್ಕು ಪದ್ಧತಿಗಳು ಬಳಕೆಯಲ್ಲಿವೆ: ವೇಗ ನೋಡಿ ತುಳಿಯುವುದು, ಎದೆಬಡಿತ ನೋಡಿ ತುಳಿಯುವುದು, ಪೆಡಲಿಗೆ ಹಾಕುವ ಶಕ್ತಿಯನ್ನು ಅಳೆಯುವ ಪವರ್ ಮೀಟರ್ ತೋರಿಸುವ ವಾಟ್ ನೋಡಿ ತುಳಿಯುವುದು, ಏನನ್ನೂ ನೋಡದೆ ಉಸಿರನ್ನು ಗಮನಿಸಿ ತುಳಿಯುವುದು. ಈ ನಾಲ್ಕನ್ನೂ ನಾನು ಮುಖ್ಯವಾಗಿ ಎರಡು ದಾರಿಗಳಲ್ಲಿ ಬಳಸಿ ನೋಡಿದ್ದೇನೆ. ಒಂದು, ಹೊಸಕೋಟೆ, ಕೋಲಾರಗಳ ಮೂಲಕ ಮುಳಬಾಗಿಲಿಗೆ ಹೋಗಿ ಬರುವ, ಹೆಚ್ಚುಕಡಿಮೆ 200 ಕಿ.ಮೀ. ದಾರಿ, ಇನ್ನೊಂದು, ದೇವನಹಳ್ಳಿಯ ಮೇಲೆ ಹಾಯ್ದು ಹೋಗುವ ನಂದಿಬೆಟ್ಟ. ದುಬಾರಿಯಾದದ್ದೇ ಉತ್ತಮವೆಂಬ ನಂಬಿಕೆ ಈಗ ನನ್ನಲ್ಲಿ ಉಳಿದಿಲ್ಲ. ಯಾವ ಅಳತೆಯನ್ನು ಸವಾರಿಯ ಯಾವ ಹೊತ್ತಿನಲ್ಲಿ ನಂಬಬೇಕೆಂಬುದೇ ಮುಖ್ಯವೆಂದು ತೋರುತ್ತದೆ.

ವೇಗದ ಲೆಕ್ಕಕ್ಕೆ ಫೋನ್ ಒಂದಿದ್ದರೆ ಸಾಕು. ಬಿಆರ್‌ಎಂ ಎಂಬ, ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40 ಗಂಟೆ ಎಂಬ ಗಡುವು ಇರುವುದರಿಂದ ಹೊಸಬರು ಸಹಜವಾಗಿಯೇ ಸರಾಸರಿ ವೇಗಕ್ಕೆ ಅಂಟಿಕೊಳ್ಳುತ್ತಾರೆ. ಆದರೆ ಆಷಾಢದ ಗಾಳಿಯ ಮುಂದೆ ಈ ಲೆಕ್ಕ ನಿಲ್ಲುವುದಿಲ್ಲ. ಆ ದಿನಗಳಲ್ಲಿ ಗಾಳಿ ಪಶ್ಚಿಮ, ನೈಋತ್ಯಗಳಿಂದ ಬೀಸುವುದರಿಂದ, ಕೋಲಾರದ ಕಡೆ ಹೋಗುವಾಗ ಅದು ಬೆನ್ನಿಗಿದ್ದು ಗಂಟೆಗೆ 28 ಕಿ.ಮೀ. ಸಲೀಸಾಗಿ ದಕ್ಕುತ್ತದೆ; ಮರಳುವಾಗ ಅದೇ ಗಾಳಿ ಎದೆಗೆ ಬಡಿದು, ಅಷ್ಟೇ ಶ್ರಮಕ್ಕೆ 18 ಸಿಕ್ಕರೆ ಹೆಚ್ಚು. ಬೆಳಗಿನ ಸರಾಸರಿಯನ್ನು ಉಳಿಸಿಕೊಳ್ಳಲು ಹೊರಟವರ ಕಾಲುಗಳು ನರಸಾಪುರ ತಲುಪುವಷ್ಟರಲ್ಲಿ ಸೋತಿರುತ್ತವೆ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ: ಗಾಳಿಯಿಲ್ಲದ ದಿನವೂ ವೇಗವನ್ನು 22ರಿಂದ 24 ಕಿ.ಮೀ.ಗೆ ಏರಿಸಿದರೆ ಆ ತಡೆಗೆ ಶೇ. 30ರಷ್ಟು ಹೆಚ್ಚು ಶಕ್ತಿ ಸುರಿಯಬೇಕು, ಅದರಿಂದ 200 ಕಿ.ಮೀ.ಯಲ್ಲಿ ಉಳಿಯುವುದು ಸುಮಾರು 45 ನಿಮಿಷ. ಮುಳಬಾಗಿಲಿನಲ್ಲಿ ಎರಡನೆಯ ದೋಸೆಗೆ ಕಾದು, ಫೋಟೊ ತೆಗೆದು, ಹರಟುತ್ತ ಕುಳಿತರೆ ಅಷ್ಟು ಹೊತ್ತು ಗೊತ್ತೇ ಆಗದಂತೆ ಕಳೆದುಹೋಗುತ್ತದೆ. (ದೋಸೆಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ, ಅಲ್ಲಿಯವರೆಗೆ ಹೋಗಿ ದೋಸೆ ತಿನ್ನದೆ ಮರಳುವವರ ಜೊತೆ ಸವಾರಿ ಮಾಡಲು ನನಗೆ ಮನಸ್ಸಿಲ್ಲ.) ಹೀಗಾಗಿ ವೇಗ ಗಡುವನ್ನು ಲೆಕ್ಕ ಹಾಕುವುದಕ್ಕೆ ಸರಿ, ಶ್ರಮವನ್ನು ಅಳೆಯುವುದಕ್ಕಲ್ಲ.

ಎದೆಬಡಿತ ಅಳೆಯಲು ಎದೆಗೆ ಕಟ್ಟಿಕೊಳ್ಳುವ ಪಟ್ಟಿ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಹಾಳಾದ ರಸ್ತೆಯಲ್ಲಿ ಹ್ಯಾಂಡಲ್ ಅದುರುವಾಗ ಮಣಿಕಟ್ಟಿನ ವಾಚಿಗಿಂತ ಅದರ ಅಂಕಿ ಹೆಚ್ಚು ನಂಬಿಕೆಗೆ ಅರ್ಹ. 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತವನ್ನು ಹೇಳುವ ಸೂತ್ರವನ್ನು ಮಾತ್ರ ಕೈಬಿಡುವುದು ಒಳ್ಳೆಯದು, ಏಕೆಂದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು ಹತ್ತು ಹನ್ನೆರಡು ಬಡಿತಗಳಷ್ಟು ಸುಲಭವಾಗಿ ತಪ್ಪುತ್ತದೆ. ಈ ಪದ್ಧತಿಯ ನಿಜವಾದ ತೊಡಕು ಬಿಸಿಲಿನಲ್ಲಿದೆ. ಬೆಳಿಗ್ಗೆ 135 ಬಡಿತಕ್ಕೆ ಆಗುತ್ತಿದ್ದ ಕೆಲಸವೇ ಮಧ್ಯಾಹ್ನ 150 ಕೇಳುತ್ತದೆ; ಬೆವರಿನಲ್ಲಿ ನೀರು ಹೋಗಿ ರಕ್ತದ ಪ್ರಮಾಣ ತಗ್ಗಿ, ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತ ಕಡಿಮೆಯಾದಾಗ ಹೃದಯ ಅದನ್ನು ಬಡಿತದ ಸಂಖ್ಯೆಯಲ್ಲಿ ಸರಿದೂಗಿಸುತ್ತದೆ. ಇದು ನೀರು ಕುಡಿಯಲು, ನೆರಳಿನಲ್ಲಿ ನಿಲ್ಲಲು ಒಳ್ಳೆಯ ಎಚ್ಚರಿಕೆ. ಅದನ್ನೇ ವೇಗ ಇಳಿಸುವ ಆಜ್ಞೆಯೆಂದು ತಿಳಿದರೆ ಏಪ್ರಿಲ್‌ನಲ್ಲಿ ಮನೆ ಮುಟ್ಟುವುದು ರಾತ್ರಿಗೆ. ಚಿಕ್ಕ ಏರುಗಳಲ್ಲಂತೂ ಬಡಿತ ಅರ್ಧ ನಿಮಿಷಕ್ಕೂ ಹೆಚ್ಚು ತಡವಾಗಿ ಏರುವುದರಿಂದ, ಅದು ಎಚ್ಚರಿಸುವ ಹೊತ್ತಿಗೆ ನಾವು ಮೇಲ್ಸೇತುವೆಯ ನೆತ್ತಿಯಲ್ಲಿರುತ್ತೇವೆ.

ಪವರ್ ಮೀಟರಿಗೆ ಈ ತಡವಿಲ್ಲ, ಬಿಸಿಲು, ಕಾಫಿ, ನಿದ್ದೆಗೇಡುಗಳ ಹಂಗೂ ಇಲ್ಲ. ಬೆಲೆ ಮಾತ್ರ ಹಲವು ಹತ್ತು ಸಾವಿರಗಳಲ್ಲಿದೆ. ಇಪ್ಪತ್ತು ನಿಮಿಷ ಸಾಧ್ಯವಿದ್ದಷ್ಟೂ ಗಟ್ಟಿಯಾಗಿ ತುಳಿದು ಬಂದ ಸರಾಸರಿಯ ಶೇ. 95ನ್ನು ತಮ್ಮ ಎಫ್‌ಟಿಪಿ (ಸುಮಾರು ಒಂದು ಗಂಟೆ ಸತತವಾಗಿ ತಾಳಬಹುದಾದ ಗರಿಷ್ಠ ಶಕ್ತಿ) ಎಂದು ಇಟ್ಟುಕೊಳ್ಳುವುದು ವಾಡಿಕೆ. ಸಿಗ್ನಲ್ ಇಲ್ಲದ ನಂದಿಯ ಏರು ಈ ಪರೀಕ್ಷೆಗೆ ಹೇಳಿ ಮಾಡಿಸಿದ ಜಾಗ. ಎಫ್‌ಟಿಪಿ 200 ವಾಟ್ ಇರುವವರು 200 ಕಿ.ಮೀ. ಸವಾರಿಯ ಸಮತಟ್ಟಿನಲ್ಲಿ 130ರಿಂದ 140ರೊಳಗೆ ನಿಂತರೆ ಸಂಜೆಗೂ ಕಾಲಿನಲ್ಲಿ ಕಸುವು ಉಳಿದಿರುತ್ತದೆ. ಆದರೆ ಕಡಿದಾದ ಏರಿನಲ್ಲಿ ಈ ಮಿತಿಯನ್ನು ಪಾಲಿಸಲು ಗೇರ್ ಒಪ್ಪಬೇಕಲ್ಲ? ಮುಂದೆ 34 ಹಲ್ಲು, ಹಿಂದೆ 28 ಹಲ್ಲು ಇರುವ ಸೈಕಲಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 9 ಕಿ.ಮೀ.; ಸೈಕಲೂ ಸೇರಿ 80 ಕಿಲೋ ತೂಕವನ್ನು ಶೇ. 9ರ ಏರಿನಲ್ಲಿ ಆ ವೇಗದಲ್ಲಿ ಎಳೆಯಲು 190 ವಾಟ್ ಬೇಕೇ ಬೇಕು. ಮೀಟರ್ 140 ಮೀರಬೇಡವೆಂದು ಕೆಂಪಾಗಿ ಮಿನುಗುತ್ತಿರುತ್ತದೆ, ಮೊಣಕಾಲು ಇದಕ್ಕಿಂತ ನಿಧಾನವಾಗಿ ತುಳಿಯಲಾರೆನೆನ್ನುತ್ತದೆ. ಅಲ್ಲಿ ನಾನು ಮೊಣಕಾಲಿನ ಮಾತನ್ನೇ ಕೇಳುತ್ತೇನೆ.

ಉಸಿರಿನ ಪದ್ಧತಿಗೆ ಖರ್ಚಿಲ್ಲದಿದ್ದರೂ ಅಭ್ಯಾಸ ಬೇಕು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಶ್ರಮದ ಅಳತೆಗೋಲಿನಲ್ಲಿ ದಿನವಿಡೀ ತುಳಿಯಬಹುದಾದ ಶ್ರಮ 11ರಿಂದ 13ರ ಆಸುಪಾಸಿನಲ್ಲಿರುತ್ತದೆ. ನನ್ನ ಪರೀಕ್ಷೆ ಇನ್ನೂ ಸರಳವಾದದ್ದು: ದಾಸರ ಪದದ ಒಂದು ಪಲ್ಲವಿಯನ್ನು ಉಸಿರು ಮುರಿಯದೆ ಗುನುಗಲು ಸಾಧ್ಯವಾದರೆ ಸರಿ, ನಡುವೆ ಕಡಿದರೆ ಒಂದು ಗೇರ್ ಇಳಿಸಬೇಕು. ಈ ಪದ್ಧತಿ ಕೈಕೊಡುವುದು ಮೊದಲ ಎರಡು ಗಂಟೆಗಳಲ್ಲಿ. ಬೆಂಗಳೂರಿನ ನಸುಕಿನ ತಂಪಿನಲ್ಲಿ, ಖಾಲಿ ರಸ್ತೆಯಲ್ಲಿ, ಮುಂದಿನವರ ಹಿಂದೆ ಗಾಳಿಮರೆಯಲ್ಲಿ ಹೋಗುವಾಗ ಎಷ್ಟು ತುಳಿದರೂ ಹಗುರವೆನಿಸುತ್ತದೆ, ಉಸಿರೂ ಪಲ್ಲವಿಗೆ ಒಪ್ಪಿಗೆ ಕೊಟ್ಟುಬಿಡುತ್ತದೆ.

ಆದ್ದರಿಂದ ಹೊಸಕೋಟೆ ದಾಟಿ ಕೋಲಾರ ಮುಟ್ಟುವವರೆಗೆ ನಾನು ವಾಟ್‌ಗಳನ್ನು ಮೇಲ್ಮಿತಿಯಾಗಿ ಮಾತ್ರ ನೋಡುತ್ತೇನೆ. ಆಮೇಲೆ ಪರದೆಯನ್ನು ನಕ್ಷೆಗೆ ಬದಲಿಸಿ ಉಸಿರಿಗೆ ಬಿಡುತ್ತೇನೆ. ಮೀಟರ್ ಇಲ್ಲದವರು ಆ ಮೊದಲ ಪಾಲಿನಲ್ಲಿ ಎದೆಪಟ್ಟಿಯನ್ನೇ ಹೀಗೆ ಬಳಸಬಹುದು. ಬೆಳಗಿನ ತಂಪಿನಲ್ಲಿ ಅದು ಹೇಳುವುದು ಹೆಚ್ಚುಕಡಿಮೆ ನಿಜವೇ. ವಾರದ ನಡುವೆ ಮನೆಯಲ್ಲಿ ಟ್ರೇನರ್ (ಸೈಕಲನ್ನು ನಿಂತಲ್ಲೇ ತುಳಿಯುವ ಸಾಧನ) ಮೇಲೆ ಅಳತೆ ಮಾಡಿ ತುಳಿಯುವವರಿಗೆ ಪವರ್ ಮೀಟರ್ ಕೊಟ್ಟ ಹಣಕ್ಕೆ ಮೋಸವಿಲ್ಲ. ಭಾನುವಾರದ ದೂರದ ಸವಾರಿಗೆಂದೇ ಅದಕ್ಕೆ ಹಣ ಕೂಡಿಸುತ್ತಿರುವವರು, ಗೇರ್ ಬದಲಿಸುವ ತಮ್ಮ ಡಿರೈಲರ್ ಒಪ್ಪುತ್ತದೆಯೇ ಎಂದು ಅಂಗಡಿಯವರನ್ನು ಕೇಳಿಕೊಂಡು, ಮೊದಲು ಹಿಂದಿನ ಚಕ್ರಕ್ಕೆ ಏರಿನಲ್ಲಿ ಹಗುರವಾಗಿ ತುಳಿಯಲು 34 ಹಲ್ಲಿನವರೆಗಿನ ಕ್ಯಾಸೆಟ್ (ಗೇರ್ ಚಕ್ರಗಳ ಗುಚ್ಛ) ಹಾಕಿಸಿಕೊಳ್ಳಲಿ. ಅದರ ಬೆಲೆ ಮೀಟರಿನ ಸಣ್ಣದೊಂದು ಪಾಲು.