ಫ್ಯಾಕ್ಸ್ ಸರ್ವರ್: ನಾಲ್ಕು ವ್ಯವಸ್ಥೆ, ಎರಡು ಊರು, ಒಂದು ಜೋಡಿ ತಂತಿ

ಚಿಕ್ಕಮಗಳೂರಿನಲ್ಲಿ ಬೆಳಗಿನ ಐದೂವರೆಯಾದಾಗ ಟೋಕಿಯೊದಲ್ಲಿ ಒಂಬತ್ತು ಗಂಟೆ. ಅಲ್ಲಿಯವರು ಕಚೇರಿಗೆ ಬಂದು ಕೂರುವ ಹೊತ್ತಿಗೆ ಇಲ್ಲಿ ರಾತ್ರಿ ಕಾವಲುಗಾರನೊಬ್ಬನೇ ಎದ್ದಿರುತ್ತಾನೆ. ನಾನು ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುವ ಕಾಫಿ ರಫ್ತು ಕಚೇರಿಗೆ ಜಪಾನಿನ ಖರೀದಿದಾರರಿಂದ ಸ್ಯಾಂಪಲ್ ಒಪ್ಪಿಗೆಯೂ ಒಪ್ಪಂದದ ತಿದ್ದುಪಡಿಯೂ ಇಂದಿಗೂ ಸಹಿ, ಮೊಹರಿನೊಂದಿಗೆ ಫ್ಯಾಕ್ಸ್‌ನಲ್ಲೇ ಬರುತ್ತವೆ. ಒಂದು ಹಾಳೆ ಕೈತಪ್ಪಿದರೆ ಒಂದು ಕಂಟೇನರ್ ಕಾಫಿಯ ರವಾನೆ ಮುಂದಕ್ಕೆ ಹೋಗುತ್ತದೆ.

ಥರ್ಮಲ್ ಕಾಗದದ ಹಳೆಯ ಯಂತ್ರ ಕೈಕೊಟ್ಟ ಮೇಲೆ ನಾಲ್ಕು ವ್ಯವಸ್ಥೆಗಳನ್ನು ಇಲ್ಲಿಯೂ ಹಾಸನದ ಶಾಖೆಯಲ್ಲಿಯೂ ಕಟ್ಟಿ, ನಿಜವಾದ ವ್ಯವಹಾರದಲ್ಲೇ ನಡೆಸಿ ನೋಡಿದೆ. ಯಾರೂ ಇಲ್ಲದ ಹೊತ್ತಿನಲ್ಲಿ, ಕರೆಂಟ್ ಹೋಗಿದ್ದರೂ, ಬಂದ ಹಾಳೆ ಭದ್ರವಾಗಿರಬೇಕು. ಯಾವ ಮೇಜಿನಿಂದಲಾದರೂ ಫ್ಯಾಕ್ಸ್ ಕಳುಹಿಸಲು ಆಗಬೇಕು. ಇವೆರಡಕ್ಕಿಂತ ಮುಖ್ಯವಾಗಿ, ಹೋಗಿಲ್ಲದ ಫ್ಯಾಕ್ಸ್ ಏಕೆ ಹೋಗಲಿಲ್ಲ ಎಂಬುದು ನನಗೆ ತಿಳಿಯಬೇಕು. ಆಯ್ಕೆಯನ್ನು ಕೊನೆಗೆ ನಿರ್ಧರಿಸಿದ್ದು ಈ ಮೂರನೆಯ ಅಗತ್ಯವೇ.

ಇಂಟರ್ನೆಟ್ ಫ್ಯಾಕ್ಸ್ ಸೇವೆಯ ಬಗ್ಗೆ ಹೇಳುವುದು ಕಡಿಮೆ. ಖಾತೆ ತೆರೆದ ದಿನವೇ ಕೆಲಸ ಶುರುವಾಗುತ್ತದೆ, ಒಂದು ಅಡಿ ಕೇಬಲ್ ಕೂಡ ಬೇಡ. ಆದರೆ ನಾವು ಪ್ರಯತ್ನಿಸಿದ ಸೇವೆ ಕೊಟ್ಟಿದ್ದು ವಿದೇಶದ ಸಂಖ್ಯೆ. ಖರೀದಿದಾರರ ಬಳಿ ಇರುವುದು ನಮ್ಮ ಲೆಟರ್‌ಹೆಡ್‌ನಲ್ಲಿ ಅಚ್ಚಾಗಿರುವ, 08262 ಕೋಡ್‌ನ ಸಂಖ್ಯೆ. ಮೇಲಾಗಿ ದರ ನಮೂದಿಸಿದ ಒಪ್ಪಂದಗಳು ಮತ್ತಾರದೋ ಸರ್ವರ್‌ನಲ್ಲಿ ಕೂರುವುದನ್ನು ಮಾಲೀಕರು ಒಪ್ಪಲಿಲ್ಲ; ನನಗೂ ಅದು ಸರಿ ಎನಿಸಲಿಲ್ಲ. ತಿಂಗಳಿಗೆ ಒಂದೆರಡು ಹಾಳೆ ಕಳುಹಿಸಿದರೆ ಸಾಕು, ಬರುವುದೇನೂ ಇಲ್ಲ ಎನ್ನುವವರು ಧಾರಾಳವಾಗಿ ಬಳಸಬಹುದು.

ಪ್ರಿಂಟರ್, ಸ್ಕ್ಯಾನರ್, ಫ್ಯಾಕ್ಸ್ ಮೂರೂ ಒಂದರಲ್ಲೇ ಇರುವ ಬಹೂಪಯೋಗಿ ಯಂತ್ರ ಹೆಚ್ಚಿನ ಕಚೇರಿಗಳಿಗೆ ಸುಲಭದ ಉತ್ತರ. ಟೆಲಿಫೋನ್ ತಂತಿ ಒಂದು ಕಡೆ, ನೆಟ್‌ವರ್ಕ್ ಕೇಬಲ್ ಇನ್ನೊಂದು ಕಡೆ ಚುಚ್ಚಿದರೆ ಮುಗಿಯಿತು. ಕಂಪ್ಯೂಟರ್‌ನಲ್ಲಿ ಪ್ರಿಂಟ್ ಕೊಡುವಂತೆಯೇ ಫ್ಯಾಕ್ಸ್ ಕೊಡಬಹುದು; ಬಂದ ಫ್ಯಾಕ್ಸ್ ಹಂಚಿಕೆಯ ಫೋಲ್ಡರ್‌ಗೆ ಪಿಡಿಎಫ್ ಆಗಿ ಹೋಗಿ ಬೀಳುತ್ತದೆ. ಲೆಕ್ಕಪತ್ರ ವಿಭಾಗದವರು ಇದನ್ನು ಒಂದೇ ದಿನದಲ್ಲಿ ಕಲಿತರು.

ತೊಡಕು ಬಂದದ್ದು ಫೋಲ್ಡರ್‌ನಲ್ಲಿ. ನಮ್ಮ ಯಂತ್ರ ಸ್ವಲ್ಪ ಹಳೆಯದು, ವಿಂಡೋಸ್ ಜಾಲದಲ್ಲಿ ಫೋಲ್ಡರ್ ಹಂಚಿಕೊಳ್ಳುವ ಎಸ್‌ಎಂಬಿ ಎಂಬ ರೀತಿಯಲ್ಲಿ ಅದಕ್ಕೆ ಗೊತ್ತಿದ್ದದ್ದು ಮೊದಲ ಆವೃತ್ತಿ ಮಾತ್ರ. ವಿಂಡೋಸ್ 10ರ 1709 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ಹೊಸ ಸ್ಥಾಪನೆಯಲ್ಲಿ ಸೇರಿಸುವುದನ್ನೇ ನಿಲ್ಲಿಸಿದೆ. ಅದರಲ್ಲಿರುವ ಭದ್ರತಾ ದೋಷಗಳನ್ನು ಬಲ್ಲವರು ಯಾರೂ ಅದನ್ನು ಮತ್ತೆ ಚಾಲೂ ಮಾಡಬಾರದು. ಕಡತ ಸಾಗಿಸುವ ಇನ್ನೊಂದು ರೀತಿಯಾದ ಎಫ್‌ಟಿಪಿ ಮೂಲಕ ಕಳುಹಿಸುವ ಸೌಲಭ್ಯ ಯಂತ್ರದಲ್ಲಿತ್ತು, ಅದನ್ನು ಹಿಡಿದು ದಾಟಿದೆ. ಆದರೆ ಫ್ಯಾಕ್ಸ್ ವಿಫಲವಾದಾಗ ಯಂತ್ರ ಮುದ್ರಿಸುವ ವರದಿಯಲ್ಲಿರುವುದು ಒಂದು ದೋಷಸಂಖ್ಯೆ ಮಾತ್ರ. ಆ ಸಂಖ್ಯೆಗೆ ಕೈಪಿಡಿಯಲ್ಲಿ ಇರುವ ವಿವರಣೆ ‘ಸಂವಹನ ದೋಷ’. ಲೈನ್ ಹಾಳಾಗಿದೆಯೇ, ಆಚೆಯ ಯಂತ್ರ ಉತ್ತರಿಸಲಿಲ್ಲವೇ, ವೇಗ ಹೊಂದಲಿಲ್ಲವೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಎಲ್ಲ ಸರಿಯಿದ್ದಾಗ ಈ ಯಂತ್ರ ಬಹಳ ಒಳ್ಳೆಯದು. ಕೆಟ್ಟಾಗ ಬಾಯಿ ಬಿಡುವುದಿಲ್ಲ.

ಬಾಯಿ ಬಿಡುವ ವ್ಯವಸ್ಥೆ ಹೈಲಾಫ್ಯಾಕ್ಸ್. ಸ್ಯಾಮ್ ಲೆಫ್ಲರ್ ಅವರು ಮೊದಲು ಫ್ಲೆಕ್ಸ್‌ಫ್ಯಾಕ್ಸ್ ಎಂಬ ಹೆಸರಿನಲ್ಲಿ ಬರೆದ ಈ ಉಚಿತ ತಂತ್ರಾಂಶ ಲಿನಕ್ಸ್‌ನಲ್ಲಿ ಓಡುತ್ತದೆ. ಕಚೇರಿಯ ಮೂಲೆಯಲ್ಲಿ ಬಿದ್ದಿದ್ದ ಕಂಪ್ಯೂಟರ್‌ಗೆ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಹಾಕಿ, ಕಂಪ್ಯೂಟರ್‌ನ ಬಿಟ್‌ಗಳನ್ನು ಟೆಲಿಫೋನ್ ಸದ್ದಾಗಿ ಬದಲಿಸುವ ಒಂದು ಹೊರ ಮೋಡೆಮ್ ಜೋಡಿಸಿದೆ. ಮೋಡೆಮ್ ಆರಿಸುವಾಗ ಎಚ್ಚರ ಬೇಕು. ಅಗ್ಗದ ಕಾರ್ಡ್ ಮೋಡೆಮ್‌ಗಳಲ್ಲಿ ಹಲವು ತಮ್ಮ ಕೆಲಸವನ್ನು ಕಂಪ್ಯೂಟರ್‌ನ ಚಾಲಕ ತಂತ್ರಾಂಶಕ್ಕೆ ಬಿಟ್ಟುಬಿಡುತ್ತವೆ, ಲಿನಕ್ಸ್‌ನಲ್ಲಿ ಅವು ಬಹುತೇಕ ಕೆಲಸಕ್ಕೆ ಬಾರವು. ಸ್ವಂತ ನಿಯಂತ್ರಕ ಇರುವ ಸೀರಿಯಲ್ ಅಥವಾ ಯುಎಸ್‌ಬಿ ಮೋಡೆಮ್ ಬೇಕು. ಮತ್ತೊಂದು ಮಾತು: ‘ಕ್ಲಾಸ್ 1’ ರೀತಿಯಲ್ಲಿ ಮೋಡೆಮ್ ಬಳಸುವಾಗ ಮಾತುಕತೆಯ ಸಮಯಪಾಲನೆಯೆಲ್ಲ ಕಂಪ್ಯೂಟರ್ ಕಡೆಯೇ ನಡೆಯುತ್ತದೆ. ಆದ್ದರಿಂದ ಸರ್ವರನ್ನು ವರ್ಚುವಲ್ ಯಂತ್ರದೊಳಗೆ, ಅಂದರೆ ಕಂಪ್ಯೂಟರ್‌ನೊಳಗೆ ತಂತ್ರಾಂಶವೇ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರ್‌ನಲ್ಲಿ ಇಟ್ಟು ಯುಎಸ್‌ಬಿಯನ್ನು ಒಳಗೆ ದಾಟಿಸುವ ಏರ್ಪಾಡು ಬೇಡ. ಸೆಕೆಂಡಿನ ಸಣ್ಣ ಭಾಗದ ತಡವೂ ಇಲ್ಲಿ ಕರೆಯನ್ನು ಕೆಡಿಸುತ್ತದೆ.

ಸ್ಥಾಪನೆಗೆ ‘ಫ್ಯಾಕ್ಸ್‌ಸೆಟಪ್’, ಮೋಡೆಮ್ ಪರಿಚಯಿಸಲು ‘ಫ್ಯಾಕ್ಸ್‌ಆ್ಯಡ್‌ಮೋಡೆಮ್’ ಎಂಬ ಆಜ್ಞೆಗಳಿವೆ. ಎರಡೂ ಪ್ರಶ್ನೆ ಕೇಳುತ್ತಾ ಹೋಗುತ್ತವೆ, ಉತ್ತರಿಸಿದರೆ ಸಾಕು. ಬಂದ ಹಾಳೆಯನ್ನು ಹೈಲಾಫ್ಯಾಕ್ಸ್ ಡಿಸ್ಕ್‌ನಲ್ಲಿ ಟಿಫ್ ಕಡತವಾಗಿ ಇಟ್ಟು, ಕಳುಹಿಸಿದವರ ಗುರುತಿನ ಸಂಖ್ಯೆಯನ್ನು ನೋಡಿ ಬೇಕಾದವರ ಇಮೇಲ್‌ಗೆ ಪಿಡಿಎಫ್ ರವಾನಿಸುವಂತೆ ಮಾಡಬಹುದು. ಜಪಾನಿನದ್ದು ರಫ್ತು ವಿಭಾಗಕ್ಕೆ, ಮಂಗಳೂರಿನ ಹಡಗು ಏಜೆಂಟರದ್ದು ದಾಖಲೆ ವಿಭಾಗಕ್ಕೆ ಹೋಗುತ್ತವೆ. ಮೇಜುಗಳಲ್ಲಿ ಸರ್ವರ್‌ಗೆ ಫ್ಯಾಕ್ಸ್ ಒಪ್ಪಿಸಲು ಜಾವಾದಲ್ಲಿ ಬರೆದ ಒಂದು ಉಚಿತ ಕ್ಲೈಂಟ್ ತಂತ್ರಾಂಶ ಹಾಕಿದೆ. ಬಹೂಪಯೋಗಿ ಯಂತ್ರದಷ್ಟು ಇದು ಸಲೀಸಲ್ಲ, ಲೆಕ್ಕಪತ್ರದವರಿಗೆ ರೂಢಿಯಾಗಲು ಸಮಯ ಹಿಡಿಯಿತು. ಕನ್ನಡದಲ್ಲಿ ಪತ್ರ ಕಳುಹಿಸುವವರು ಒಂದನ್ನು ನೆನಪಿಡಬೇಕು: ಸಾಮಾನ್ಯ ಗುಣಮಟ್ಟದಲ್ಲಿ ಇಂಚಿಗೆ 98 ಸಾಲು ಮಾತ್ರ, ಒತ್ತಕ್ಷರಗಳು ಕಲಸಿಹೋಗುತ್ತವೆ. ‘ಫೈನ್’ ಆಯ್ಕೆಯಲ್ಲಿ 196 ಸಾಲು ಸಿಗುತ್ತದೆ, ‘ಕ್ಷ್ಮ’ ಕೂಡ ಓದಲು ಬರುತ್ತದೆ.

ಈಗ ದಾಖಲೆಯ ವಿಷಯ. ಪ್ರತಿ ಕರೆಗೂ ಹೈಲಾಫ್ಯಾಕ್ಸ್ ಒಂದು ಪ್ರತ್ಯೇಕ ದಾಖಲೆ ಬರೆಯುತ್ತದೆ. ಫ್ಯಾಕ್ಸ್ ಕರೆಯಲ್ಲಿ ಮೊದಲು ಕರೆಯುವ ಯಂತ್ರ 1100 ಹರ್ಟ್ಸ್‌ನ ಪೀಪ್ ಕೊಡುತ್ತದೆ, ಆಚೆಯದು 2100 ಹರ್ಟ್ಸ್‌ನಲ್ಲಿ ಉತ್ತರಿಸುತ್ತದೆ. ನಂತರ ಎರಡೂ ಸೆಕೆಂಡಿಗೆ 300 ಬಿಟ್‌ಗಳ ನಿಧಾನ ಭಾಷೆಯಲ್ಲಿ ತಮ್ಮ ಸಾಮರ್ಥ್ಯ ಹೇಳಿಕೊಳ್ಳುತ್ತವೆ. ಆಮೇಲೆ 14,400ರ ವೇಗದಲ್ಲಿ ಒಂದೂವರೆ ಸೆಕೆಂಡು ಬರೀ ಸೊನ್ನೆಗಳನ್ನು ಕಳುಹಿಸಿ ಲೈನ್ ಪರೀಕ್ಷೆ ನಡೆಯುತ್ತದೆ. ಪಾಸಾದರೆ ಹಾಳೆ ಹೊರಡುತ್ತದೆ. ಇಲ್ಲವಾದರೆ 12,000, 9,600, 7,200 ಎಂದು ಇಳಿಯುತ್ತಾ ಹೋಗುತ್ತದೆ. ಇದಿಷ್ಟೂ ದಾಖಲೆಯಲ್ಲಿ ಸಾಲು ಸಾಲಾಗಿ, ಸಮಯದ ಸಮೇತ ಇರುತ್ತದೆ. ನಮ್ಮ ದಾಖಲೆಗಳಲ್ಲಿ ಒಂದು ವಿಚಿತ್ರ ಕಂಡಿತು. ಮುಂಜಾನೆ ಬಂದ ಕರೆಗಳು 14,400ರಲ್ಲೇ ನಿಲ್ಲುತ್ತಿದ್ದವು. ಸಂಜೆ ನಾವು ಮಾಡಿದ ಕರೆಗಳು 7,200ಕ್ಕೆ, ಕೆಲವು 4,800ಕ್ಕೆ ಇಳಿಯುತ್ತಿದ್ದವು. ಊರು ಅದೇ, ಮೋಡೆಮ್ ಅದೇ, ಆಚೆ ಬದಿಯ ಯಂತ್ರವೂ ಅದೇ. ಬದಲಾಗುತ್ತಿದ್ದದ್ದು ಕಚೇರಿಯೊಳಗೆ ಉರಿಯುವ ದೀಪ ಮಾತ್ರ.

ಹಳೆಯ ವೈರಿಂಗ್ ತೆರೆದು ನೋಡಿದಾಗ ಕಾರಣ ಕಣ್ಣಿಗೇ ಬಿತ್ತು. ಹೊರಗೋಡೆಯ ಟೆಲಿಫೋನ್ ಪೆಟ್ಟಿಗೆಯಿಂದ ಒಳಗಿನ ಕೋಣೆಯವರೆಗೆ ಹೆಣಿಗೆಯಿಲ್ಲದ ಚಪ್ಪಟೆ ತಂತಿ ಎಳೆದಿದ್ದರು, ಅದೂ ಟ್ಯೂಬ್‌ಲೈಟಿನ ವಯರ್ ಇರುವ ಅದೇ ಪ್ಲಾಸ್ಟಿಕ್ ಪಟ್ಟಿಯೊಳಗೆ. ಎರಡು ತಂತಿಗಳನ್ನು ಹೆಣೆದಿದ್ದರೆ ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ಪರಸ್ಪರ ರದ್ದಾಗುತ್ತದೆ. ಹೆಣಿಗೆ ಇಲ್ಲದಿದ್ದರೆ ಅಷ್ಟೂ ಗದ್ದಲ ಮೋಡೆಮ್‌ಗೆ ಹೋಗುತ್ತದೆ. ಲೈನ್ ನೋಡಲು ಬಂದಿದ್ದ ಹಿರಿಯ ಲೈನ್‌ಮನ್ ಒಬ್ಬರು ಉಪಕರಣವಿಲ್ಲದ ಪರೀಕ್ಷೆಯೊಂದನ್ನು ಕಲಿಸಿಕೊಟ್ಟರು. “ಸಾರ್, ಫೋನ್ ಎತ್ತಿ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಲ್ಲುತ್ತದೆ. ಆಗ ಏನೂ ಕೇಳಿಸಬಾರದು” ಎಂದರು. ಕಿವಿಗೆ ಇಟ್ಟುಕೊಂಡರೆ ಸಣ್ಣಗೆ ಗುಂಯ್ ಎನ್ನುತ್ತಿತ್ತು. ದೀಪ ಆರಿಸಿದರೆ ನಿಂತಿತು. “ಇದು ಹೊರಗಿನದಲ್ಲ ಅಣ್ಣಾ, ನಮ್ಮ ಗೋಡೆಯದ್ದೇ” ಎಂದೆ. ಹೌದೆಂದು ತಲೆಯಾಡಿಸಿದರು.

ಹೊಸದಾಗಿ ಮಾಡಿದ್ದು ಇಷ್ಟು. ಪೆಟ್ಟಿಗೆಯಿಂದ ಸರ್ವರ್‌ವರೆಗೆ ಮಧ್ಯದಲ್ಲಿ ಎಲ್ಲೂ ಜೋಡಣೆಯಿಲ್ಲದೆ ನೆಟ್‌ವರ್ಕಿಗೆ ಬಳಸುವ, ಹೆಣೆದ ಜೋಡಿಗಳ ಒಂದು ಕ್ಯಾಟ್5ಇ ಕೇಬಲ್ ಎಳೆದು, ಅದರ ನೀಲಿ ಮತ್ತು ನೀಲಿ-ಬಿಳಿ ಜೋಡಿಯನ್ನು ಮಾತ್ರ ಟೆಲಿಫೋನ್‌ಗೆ ಬಳಸಿದೆ. ವಿದ್ಯುತ್ ತಂತಿಯಿಂದ ಒಂದಡಿ ದೂರದಲ್ಲಿ ಸಾಗುತ್ತದೆ. ದಾಟಲೇಬೇಕಾದ ಕಡೆ ಅಡ್ಡಲಾಗಿ, ಲಂಬ ಕೋನದಲ್ಲಿ ದಾಟುತ್ತದೆ. ಅದೇ ಲೈನಿನಲ್ಲಿ ಬ್ರಾಡ್‌ಬ್ಯಾಂಡ್ ಇದ್ದುದರಿಂದ ಎರಡನ್ನೂ ಬೇರ್ಪಡಿಸುವ ಸ್ಪ್ಲಿಟರನ್ನು ಪೆಟ್ಟಿಗೆಯ ಬಳಿಯೇ ಕೂರಿಸಿದೆ. ವ್ಯವಸ್ಥಾಪಕರ ಕೋಣೆಯ ಫೋನ್ ಲೈನಿಗೆ ಸಮಾನಾಂತರವಾಗಿ ಜೋಡಣೆಯಾಗಿತ್ತು. ಫ್ಯಾಕ್ಸ್ ನಡುವೆ ಯಾರಾದರೂ ಅದನ್ನು ಎತ್ತಿದರೆ ಹಾಳೆ ಅರ್ಧಕ್ಕೆ ತುಂಡಾಗುತ್ತಿತ್ತು. ಅದನ್ನು ಮೋಡೆಮ್‌ನ ‘ಫೋನ್’ ಕಿಂಡಿಯ ಹಿಂದಕ್ಕೆ ಸರಿಸಿದೆ. ನಮ್ಮ ಮೋಡೆಮ್ ತಾನು ಕೆಲಸದಲ್ಲಿರುವಾಗ ಆ ಕಿಂಡಿಯನ್ನು ಕಡಿದುಹಾಕುತ್ತದೆ. ‘ಕಾಲ್ ವೇಟಿಂಗ್’ ತೆಗೆಸಿದೆ, ಏಕೆಂದರೆ ಆ ಒಂದು ಬೀಪ್ ಸಾಕು ಹಾಳೆ ಕೆಡಲು. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಪೆಟ್ಟಿಗೆಯ ಬಳಿ ಅನಿಲ ತುಂಬಿದ ಸರ್ಜ್ ರಕ್ಷಕವನ್ನು ಹಾಕಿ, ಗಿಡ್ಡದಾದ ದಪ್ಪ ತಂತಿಯಿಂದ ಅರ್ಥಿಂಗ್‌ಗೆ ಜೋಡಿಸಿದೆ. ಮಲೆನಾಡಿನಲ್ಲಿ ಇದನ್ನು ಬಿಟ್ಟು ಮೋಡೆಮ್ ಇಡುವುದೆಂದರೆ ಅದನ್ನು ಕಳೆದುಕೊಳ್ಳಲು ಸಿದ್ಧರಾದಂತೆ.

ಇನ್ನೊಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಒಂದೇ ಬಗೆಯ ಕೇಬಲ್ ಟೆಲಿಫೋನ್‌ಗೂ ನೆಟ್‌ವರ್ಕಿಗೂ ಬಳಸಿದಾಗ ಗುರುತು ಹಾಕುವುದು ಕಡ್ಡಾಯ. ಟೆಲಿಫೋನ್ ಲೈನಿನಲ್ಲಿ ಸುಮ್ಮನಿದ್ದಾಗ 48 ವೋಲ್ಟ್ ಡಿಸಿ ಇರುತ್ತದೆ, ಗಂಟೆ ಬಾರಿಸುವಾಗ ಸುಮಾರು 75 ವೋಲ್ಟ್ ಎಸಿ ಬರುತ್ತದೆ. ಅದನ್ನು ತಪ್ಪಿ ನೆಟ್‌ವರ್ಕ್ ಸ್ವಿಚ್‌ಗೆ ಚುಚ್ಚಿದರೆ ಆ ಪೋರ್ಟ್ ಉಳಿಯುತ್ತದೆಂಬ ಖಾತರಿಯಿಲ್ಲ. ನಮ್ಮಲ್ಲಿ ಫ್ಯಾಕ್ಸ್ ಕೇಬಲ್‌ನ ಎರಡೂ ತುದಿಗೆ ಕೆಂಪು ಟೇಪು ಸುತ್ತಿದೆ.

ಈ ಬದಲಾವಣೆಯ ನಂತರ ಸಂಜೆಯ ಕರೆಗಳೂ 14,400ರಲ್ಲಿ ನಿಂತವು. ಬಹೂಪಯೋಗಿ ಯಂತ್ರವನ್ನು ಇದೇ ಕೇಬಲ್‌ಗೆ ಜೋಡಿಸಿ ನೋಡಿದೆ, ಅದರ ‘ಸಂವಹನ ದೋಷ’ವೂ ಹೋಯಿತು. ಅಂದರೆ ಅಷ್ಟು ದಿನ ನಾವು ಅದರ ತಲೆಗೆ ಕಟ್ಟಿದ್ದ ದೂರು ನಿಜವಾಗಿ ಆ ಚಪ್ಪಟೆ ತಂತಿಗೆ ಸೇರಬೇಕಾದದ್ದು. ಆದರೂ ನನ್ನ ಆಯ್ಕೆ ಹೈಲಾಫ್ಯಾಕ್ಸ್‌ನ ಪರವಾಗಿಯೇ ಇದೆ. ತಂತಿಯ ರೋಗವನ್ನು ಎತ್ತಿ ತೋರಿಸಿದ್ದು ಅದರ ದಾಖಲೆ. ಕರೆಂಟ್ ಹೋದರೆ ಹೇಗೆ ಎಂಬುದೂ ಇಲ್ಲಿ ಹಗುರ: ತಾಮ್ರದ ಲೈನಿಗೆ ವಿದ್ಯುತ್ ಎಕ್ಸ್‌ಚೇಂಜ್‌ನಿಂದಲೇ ಬರುತ್ತದೆ. ಸರ್ವರ್ ಮತ್ತು ಮೋಡೆಮ್‌ಗೆ ಒಂದು ಯುಪಿಎಸ್ ಇದ್ದರೆ ಬೆಳಗಿನ ಐದೂವರೆಯ ಹಾಳೆ ಡಿಸ್ಕ್ ಸೇರುತ್ತದೆ. ದೊಡ್ಡ ಬಹೂಪಯೋಗಿ ಯಂತ್ರವನ್ನು ಅದೇ ಯುಪಿಎಸ್‌ನ ಮೇಲೆ ಓಡಿಸಲಾಗದು, ಪ್ರಿಂಟರ್‌ನ ಹೀಟರ್ ಎಳೆಯುವ ವಿದ್ಯುತ್ ಅಷ್ಟಿದೆ.

ಹಾಸನದ ಶಾಖೆಯ ಕಥೆ ಬೇರೆ. ಅಲ್ಲಿ ತಾಮ್ರದ ಲೈನ್ ಇಲ್ಲ, ಫೈಬರ್ ಮಾತ್ರ. ಫೈಬರ್ ಪೆಟ್ಟಿಗೆಯಲ್ಲಿ ಫೋನ್ ಕಿಂಡಿ ಇರುತ್ತದೆ, ಮೋಡೆಮ್ ಅದಕ್ಕೆ ಚುಚ್ಚಿದರೆ ಡಯಲ್ ಟೋನ್ ಕೂಡ ಬರುತ್ತದೆ. ಆದರೆ ಅಲ್ಲಿಂದಾಚೆಗೆ ಸದ್ದು ಪ್ಯಾಕೆಟ್‌ಗಳಾಗಿ ಸಾಗುತ್ತದೆ. ಮನುಷ್ಯರ ಮಾತಿನಲ್ಲಿ ಒಂದು ಪ್ಯಾಕೆಟ್ ಕಳೆದರೆ ಕಿವಿ ತುಂಬಿಕೊಳ್ಳುತ್ತದೆ, ಫ್ಯಾಕ್ಸ್‌ಗೆ ಆ ಶಕ್ತಿಯಿಲ್ಲ. ಸದ್ದನ್ನು ಅಂಕಿಗಳಾಗಿಸುವ ಕೋಡೆಕ್‌ಗಳಲ್ಲಿ, ಧ್ವನಿಯನ್ನು ಹಿಂಡಿ ಚಿಕ್ಕದಾಗಿಸುವ ಜಿ.729 ಬಳಕೆಯಲ್ಲಿದ್ದರೆ ಫ್ಯಾಕ್ಸ್ ಹೋಗುವುದೇ ಇಲ್ಲ. ಹಿಂಡದೆ ಕಳುಹಿಸುವ ಜಿ.711 ಇದ್ದರೆ ಒಂದೆರಡು ಹಾಳೆ ದಾಟುತ್ತವೆ. ಉದ್ದನೆಯ ಕರೆಗಳಲ್ಲಿ ಎರಡು ತುದಿಯ ಗಡಿಯಾರಗಳ ಸಣ್ಣ ವ್ಯತ್ಯಾಸ ಕೂಡುತ್ತಾ ಬಂದು ಕರೆ ಮುರಿಯುತ್ತದೆ. ಹಾಸನದಲ್ಲಿ ನನಗೆ ಕಂಡದ್ದೂ ಇದೇ: ಸ್ಯಾಂಪಲ್ ಪಟ್ಟಿ ಹೋಯಿತು, ಪೂರ್ತಿ ಒಪ್ಪಂದ ನಡುವೆ ನಿಂತಿತು. ಸೂಪರ್ ಜಿ3 ಎನ್ನುವ 33,600ರ ವೇಗವನ್ನು ಬಂದ್ ಮಾಡಿ, ಗರಿಷ್ಠ 9,600ಕ್ಕೆ ಕಟ್ಟಿಹಾಕಿದ ಮೇಲೆ ಸುಧಾರಿಸಿತು, ನಂಬುವಷ್ಟು ಅಲ್ಲ.

ಇದಕ್ಕೆಂದೇ 1998ರಲ್ಲಿ ಟಿ.38 ಎಂಬ ಮಾನಕ ಬಂದಿದೆ. ಅದು ಫ್ಯಾಕ್ಸ್‌ನ ಸದ್ದನ್ನು ಸಾಗಿಸುವುದಿಲ್ಲ. ಸದ್ದಿನೊಳಗಿನ ಬಿಟ್‌ಗಳನ್ನು ಬಿಡಿಸಿ ಪ್ಯಾಕೆಟ್‌ನಲ್ಲಿ ಇಡುತ್ತದೆ, ಹಿಂದಿನ ಪ್ಯಾಕೆಟ್‌ನ ಪ್ರತಿಯನ್ನೂ ಜೊತೆಗೆ ಕಳುಹಿಸಬಲ್ಲದು. ನಾಲ್ಕನೆಯ ವ್ಯವಸ್ಥೆಯಾಗಿ, ಟಿ.38 ಬಲ್ಲ ಅಡಾಪ್ಟರ್ ತಂದು ಜೋಡಿಸಿದೆ. ಮೊದಲು ಪ್ರಯತ್ನಿಸಿದ ಇಂಟರ್ನೆಟ್ ದೂರವಾಣಿ ಸೇವೆಯವರ ಕಡೆ ಅದಕ್ಕೆ ಒಪ್ಪಿಗೆಯೇ ಸಿಗಲಿಲ್ಲ, ಕರೆ ಮತ್ತೆ ಜಿ.711ಕ್ಕೆ ಮರಳುತ್ತಿತ್ತು. ಎರಡನೆಯವರಲ್ಲಿ ಕೆಲಸ ಮಾಡಿತು, ಚೆನ್ನಾಗಿಯೇ ಮಾಡಿತು. ಆದ್ದರಿಂದ ಟಿ.38ರ ದಾರಿ ಹಿಡಿಯುವವರು ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಬೇಕು: ಇಂಟರ್ನೆಟ್ ಕರೆ ಮತ್ತೆ ಟೆಲಿಫೋನ್ ಜಾಲಕ್ಕೆ ಸೇರುವ ಆಚೆಯ ಗೇಟ್‌ವೇವರೆಗೂ ಟಿ.38 ಇದೆಯೇ? ನಮ್ಮ ಅಡಾಪ್ಟರ್‌ನ ಪೆಟ್ಟಿಗೆಯ ಮೇಲೆ ಅದು ಅಚ್ಚಾಗಿದ್ದರೆ ಸಾಲದು.

ಸದ್ಯಕ್ಕೆ ಹಾಸನಕ್ಕೆ ಪ್ರತ್ಯೇಕ ಫ್ಯಾಕ್ಸ್ ಲೈನ್ ಇಟ್ಟಿಲ್ಲ. ಸುಮಾರು 60 ಕಿಲೋಮೀಟರ್ ದೂರದ ಚಿಕ್ಕಮಗಳೂರಿನ ಸರ್ವರನ್ನೇ ಅವರು ವಿಪಿಎನ್ ಮೂಲಕ, ಅಂದರೆ ಇಂಟರ್ನೆಟ್‌ನೊಳಗೆ ಗುಪ್ತಲಿಪಿಯಲ್ಲಿ ಸಾಗುವ ಖಾಸಗಿ ದಾರಿಯ ಮೂಲಕ ಬಳಸುತ್ತಾರೆ. ಹೈಲಾಫ್ಯಾಕ್ಸ್ 4559ನೇ ಪೋರ್ಟ್‌ನಲ್ಲಿ ಮಾತನಾಡುತ್ತದೆ, ಅದರ ರೀತಿ ಎಫ್‌ಟಿಪಿಯ ಹಾಗೆ. ಪಾಸ್‌ವರ್ಡ್ ಬಯಲಿನಲ್ಲೇ ಹೋಗುತ್ತದೆ. ಆ ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಡುವುದು ಸಲ್ಲದು. ಒಂದು ಸಾಮಾನ್ಯ ಹಾಳೆ ಕೆಲವೇ ಹತ್ತು ಕಿಲೋಬೈಟ್, ಆದ್ದರಿಂದ ವಿಪಿಎನ್‌ಗೆ ಭಾರವೇನೂ ಬೀಳುವುದಿಲ್ಲ. ತಾಮ್ರದ ಲೈನ್ ಚಿಕ್ಕಮಗಳೂರಿನಲ್ಲಿಯೂ ಎಷ್ಟು ಕಾಲ ಇರುತ್ತದೋ ಎಂಬ ಲೆಕ್ಕದಲ್ಲಿ, ಅದೇ ಸರ್ವರ್‌ನಲ್ಲಿ ಎರಡನೆಯ ಮೋಡೆಮ್ ಆಗಿ ಟಿ.38ಕ್ಕೆ ಮಾತನಾಡುವ ತಂತ್ರಾಂಶ ಮೋಡೆಮ್ ಒಂದನ್ನು ಸೇರಿಸಿ, ಅವಸರವಿಲ್ಲದ ಸ್ಥಳೀಯ ಫ್ಯಾಕ್ಸ್‌ಗಳನ್ನು ಅದರ ಮೂಲಕ ಕಳುಹಿಸಲು ಶುರುಮಾಡಿದ್ದೇನೆ. ಸರದಿ, ದಾಖಲೆ, ಇಮೇಲ್ ಎಲ್ಲ ಹಿಂದಿನಂತೆಯೇ ನಡೆಯುತ್ತವೆ. ಮೇಜಿನಲ್ಲಿ ಕುಳಿತವರಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಜಪಾನಿನ ಕರೆಗಳು ಮಾತ್ರ ಇನ್ನೂ ಕೆಂಪು ಟೇಪಿನ ಕೇಬಲ್ ಮೇಲೆಯೇ ಬರುತ್ತಿವೆ.