ಮೈಲೇಜ್ ಆಸೆಗೆ ಘಾಟಿಯಲ್ಲಿ ನ್ಯೂಟ್ರಲ್ ಹಾಕಬೇಡಿ

ಚಾರ್ಮಾಡಿ, ಶಿರಾಡಿ, ಆಗುಂಬೆ, ಯಾವ ಘಾಟಿಯೇ ಇರಲಿ, ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯುವವರು ದಯವಿಟ್ಟು ಇದನ್ನು ಓದಿ. ನಾನೂ ಹಾಗೇ ಮಾಡುತ್ತಿದ್ದೆ. ಕಳೆದ ತಿಂಗಳು ಹೆಂಡತಿ, ಮಗಳು ಕಾರಿನಲ್ಲಿದ್ದಾಗಲೇ ಬ್ರೇಕ್ ಕೈಕೊಟ್ಟಿತು.

ನಮ್ಮದು 1000 ಸಿಸಿಯ ಚಿಕ್ಕ ಕಾರು. ಕಂಪನಿ ಲೆಕ್ಕದಲ್ಲಿ ಲೀಟರಿಗೆ 24 ಕಿ.ಮೀ. ಮೇಲೆ ಕೊಡಬೇಕು. ಅದು ಲ್ಯಾಬಿನಲ್ಲಿ ರೋಲರ್ ಮೇಲೆ ಚಕ್ರ ತಿರುಗಿಸಿ, ಎಸಿ ಹಾಕದೆ ತೆಗೆದ ಲೆಕ್ಕ. ಗೊತ್ತಿದ್ದರೂ ನನಗೆ 18 ಮಾತ್ರ ಬರುತ್ತಿದೆಯಲ್ಲ ಅನ್ನುವ ಕೊರಗು. ಪರಿಚಯದ ಹಳೇ ಡ್ರೈವರ್ ಒಬ್ಬರು, "ಇಳಿಜಾರಲ್ಲಿ ನ್ಯೂಟ್ರಲ್ ಮಾಡು ಮಾರಾಯ, ಸುಮ್ನೆ ಯಾಕೆ ಪೆಟ್ರೋಲ್ ಸುಡ್ತೀಯ" ಅಂದರು. ಮಾಡಿದೆ. ಡ್ಯಾಶ್‌ಬೋರ್ಡಿನಲ್ಲಿ ಸರಾಸರಿ 21 ದಾಟಿತು. ಅದನ್ನೇ ನಂಬಿದೆ.

ಆ ದಿನ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯಲು ಶುರು ಮಾಡಿದೆವು. ಗೇರ್ ಹಿಡಿತ ಇಲ್ಲದ ಮೇಲೆ ಪ್ರತಿ ತಿರುವಿಗೂ ಬ್ರೇಕೇ ಗತಿ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ಲಾರಿಯದ್ದು ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಸ್ಪಂಜು ತುಳಿದ ಹಾಗೆ ಮೆತ್ತಗೆ ಕೆಳಗೆ ಹೋಯಿತು. ಕಾರು ನಿಲ್ಲುತ್ತಿಲ್ಲ. ಎದುರಿಗೆ ಬಸ್ಸು. ಪೆಡಲ್ ಮತ್ತೆ ಮತ್ತೆ ಒತ್ತುತ್ತಾ ಥರ್ಡ್, ಆಮೇಲೆ ಸೆಕೆಂಡ್ ಗೇರ್‌ಗೆ ಹಾಕಿದೆ. ಇಂಜಿನ್ ಕಿರುಚಿತು, ವೇಗ ಇಳಿಯಿತು. ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎಳೆದು ಗುಡ್ಡದ ಬದಿಗೆ ನಿಲ್ಲಿಸಿದೆ. ಮುಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಮಗಳು ಅಳುತ್ತಿದ್ದಳು.

ಮುಕ್ಕಾಲು ಗಂಟೆ ಆರಲು ಬಿಟ್ಟು, ಫಸ್ಟ್ ಗೇರ್‌ನಲ್ಲೇ ಇಳಿದೆವು. ಉಜಿರೆಯಲ್ಲಿ ಮೆಕ್ಯಾನಿಕ್ ಬ್ರೇಕ್ ಆಯಿಲ್ ತೋರಿಸಿದರು. ಕಾಫಿ ಡಿಕಾಕ್ಷನ್ ಬಣ್ಣ! ಮೂರು ವರ್ಷದಿಂದ ಬದಲಿಸಿರಲಿಲ್ಲ, ಆ ತಪ್ಪೂ ನನ್ನದೇ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ಕುದ್ದು ಗುಳ್ಳೆ ಬಂದರೆ ನೀವು ಎಷ್ಟು ಒತ್ತಿದರೂ ಗುಳ್ಳೆ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ನನಗೆ ಹೆಚ್ಚು ಸಂಕಟ ಆಗಿದ್ದು ಅವರ ಮುಂದಿನ ಮಾತಿಗೆ. ನ್ಯೂಟ್ರಲ್ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುತ್ತಿದ್ದ ಹಳೇ ಭಾಗ) ಕಾಲದ ಉಪಾಯವಂತೆ. ಈಗಿನ ಇಂಜೆಕ್ಷನ್ ಕಾರು ಗೇರ್‌ನಲ್ಲಿದ್ದು, ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಯುವಾಗ, ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅದನ್ನು ಬಿಡುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗ್‌ಗೆ, ಅಂದರೆ ಇಂಜಿನ್ ಆರದೆ ಸುಮ್ಮನೆ ಓಡುತ್ತಿರುವುದಕ್ಕೆ, ಪೆಟ್ರೋಲ್ ಬೇಕೇ ಬೇಕು. ಕೆಲವರು ಇಂಜಿನ್ನೇ ಆಫ್ ಮಾಡುತ್ತಾರೆ. ಅದಂತೂ ಬೇಡವೇ ಬೇಡ. ಪೆಡಲ್ ಒತ್ತುವ ಬಲ ಹೆಚ್ಚಿಸುವ ಬೂಸ್ಟರ್ ಇಲ್ಲದೆ ಬ್ರೇಕ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗೂ ಹೋಗುತ್ತದೆ.

ಮನೆಗೆ ಬಂದು ಹಳೆಯ ಬಿಲ್ಲುಗಳನ್ನು ತೆಗೆದು ಕೂತೆ. ನ್ಯೂಟ್ರಲ್ ಹಾಕುತ್ತಿದ್ದ ತಿಂಗಳು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ 402 ಕಿ.ಮೀ., 22.1 ಲೀಟರ್. ಅಂದರೆ 18.2! ಡ್ಯಾಶ್‌ಬೋರ್ಡಿನ 21 ಎಲ್ಲಿ, ಇದೆಲ್ಲಿ?

ನೀವೂ ಹೀಗೇ ಅಳೆಯಿರಿ. ಅದೇ ಬಂಕು, ನಳಿಕೆ ತಾನಾಗಿ ಕಟ್ ಆಗುವವರೆಗೆ ಮಾತ್ರ, ಕನಿಷ್ಠ ಮೂರು ಟ್ಯಾಂಕ್. ಕಟ್ ಆದ ಮೇಲೂ ತುಂಬಿಸಿದರೆ ಲೆಕ್ಕ ಕೆಡುತ್ತದೆ. ನನ್ನ ಟೈರ್ ಗಾಳಿ ನೋಡಿದರೆ 24 ಪಿಎಸ್‌ಐ ಇತ್ತು, ಬಾಗಿಲ ಬಳಿಯ ಚೀಟಿಯಲ್ಲಿ 33. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ತುಂಬಿಸಿದೆ, ಡಿಕ್ಕಿಯಲ್ಲಿದ್ದ ಬೇಡದ ಸಾಮಾನು ಇಳಿಸಿದೆ. ನಂತರದ ಮೂರು ಟ್ಯಾಂಕಿನ ಸರಾಸರಿ 19.4. ಘಾಟಿಯನ್ನು ಸೆಕೆಂಡ್ ಗೇರ್‌ನಲ್ಲೇ ಇಳಿದು ಬಂದ ಲೆಕ್ಕ ಇದು.