ಗಣಿ ಕಾರ್ಮಿಕರ ತಪಾಸಣಾ ಸೇವೆ: ಎದೆಯ ಪರೀಕ್ಷೆಯಲ್ಲಿರುವ ಶ್ರದ್ಧೆ ಶುಗರ್ ಪರೀಕ್ಷೆಯಲ್ಲಿಲ್ಲ

ಸಂಡೂರು ಭಾಗದ ಕಬ್ಬಿಣದ ಅದಿರಿನ ಗಣಿಗಳಿಗೆ ವ್ಯಾನಿನಲ್ಲಿ ಬಂದು ಕಾರ್ಮಿಕರ ವೈದ್ಯಕೀಯ ತಪಾಸಣೆ ಮಾಡಿಕೊಡುವ ಖಾಸಗಿ ಸೇವೆಯೊಂದರ ವಿಮರ್ಶೆ ಇದು. ಗಣಿಯ ಫೋರ್‌ಮನ್ ಆಗಿರುವ ನಾನು, ನನ್ನ ಪಾಳಿಯ ಡಂಪರ್ ಚಾಲಕರು, ಡ್ರಿಲ್ಲರ್‌ಗಳು ಮತ್ತು ಕ್ರಷರ್ ಬಳಿಯ ಗುತ್ತಿಗೆ ಕಾರ್ಮಿಕರೊಂದಿಗೆ ಈ ತಪಾಸಣೆಗೆ ಒಳಗಾಗಿದ್ದೇನೆ. ಕೆಲಸಕ್ಕೆ ಸೇರುವಾಗ ಒಮ್ಮೆ, ಅನಂತರ ಐದು ವರ್ಷ ಮೀರದ ಅಂತರದಲ್ಲಿ ಮತ್ತೆ ಮತ್ತೆ ಇಂಥ ಪರೀಕ್ಷೆ ನಡೆಸುವುದು ಗಣಿ ನಿಯಮಗಳಡಿ ಬಂದಿರುವ ವ್ಯವಸ್ಥೆ.

ಧೂಳಿಗೂ ಸದ್ದಿಗೂ ಸಂಬಂಧಿಸಿದ ಪರೀಕ್ಷೆಗಳನ್ನು ಇವರು ಚೆನ್ನಾಗಿಯೇ ಮಾಡುತ್ತಾರೆ. ಎದೆಯ ಎಕ್ಸ್‌-ರೇ ಸ್ಪಷ್ಟವಾಗಿ ಬರುತ್ತದೆ. ಉಸಿರಿನ ಪರೀಕ್ಷೆಯಲ್ಲಿ ಮೊದಲ ಊದು ಸರಿಯಾಗದಿದ್ದರೆ ತಂತ್ರಜ್ಞರು ಬೇಸರಪಡದೆ, ಕನ್ನಡದಲ್ಲಿ ತಿಳಿಸಿ ಹೇಳಿ, ಮತ್ತೆ ಊದಿಸುತ್ತಾರೆ. ಈ ಸೌಜನ್ಯವನ್ನು ಮೆಚ್ಚಲೇಬೇಕು.

ಆದರೆ ರಕ್ತದ ಸಕ್ಕರೆ ಮತ್ತು ರಕ್ತದೊತ್ತಡದ ವಿಷಯದಲ್ಲಿ ಅದೇ ಶ್ರದ್ಧೆ ಕಾಣುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರನ್ನು ನೇರವಾಗಿ ವ್ಯಾನಿಗೆ ಕಳಿಸಲಾಗುತ್ತದೆ. ನಡುರಾತ್ರಿಯ ನಂತರ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿಂದು ಸಕ್ಕರೆ ಹಾಕಿದ ಚಹಾ ಕುಡಿದವರ ರಕ್ತವನ್ನೂ ‘ಖಾಲಿ ಹೊಟ್ಟೆ’ ಎಂದು ಬರೆದು ತೆಗೆದುಕೊಳ್ಳುತ್ತಾರೆ. ಖಾಲಿ ಹೊಟ್ಟೆಯ ಪರೀಕ್ಷೆಗೆ ಕನಿಷ್ಠ ಎಂಟು ಗಂಟೆ ಏನನ್ನೂ ತಿಂದಿರಬಾರದು. ಡೆಸಿಲೀಟರ್ ರಕ್ತಕ್ಕೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಇದ್ದರೆ ಮಧುಮೇಹ ಎಂಬ ಅಳತೆಗೆ ಅರ್ಥ ಬರುವುದು ಆಗಲೇ. ಅದಲ್ಲದೆ ರಾತ್ರಿಯ ಹೊತ್ತು ದೇಹವು ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ಅರಗಿಸಿಕೊಳ್ಳುವುದಿಲ್ಲ, ವರ್ಷಗಟ್ಟಲೆ ಪಾಳಿ ಬದಲಿಸುತ್ತ ದುಡಿಯುವವರಲ್ಲಿ ಮಧುಮೇಹ ಹಾಗೂ ಹೃದ್ರೋಗದ ಸಂಭವ ಹೆಚ್ಚು. ಆದ್ದರಿಂದ ಎಲ್ಲರಿಗಿಂತ ಜಾಗರೂಕತೆಯಿಂದ ಪರೀಕ್ಷಿಸಬೇಕಾದವರೇ ಇಲ್ಲಿ ಎಲ್ಲರಿಗಿಂತ ಕಳಪೆ ಪರೀಕ್ಷೆ ಪಡೆಯುತ್ತಿದ್ದಾರೆ. ಉಪವಾಸದ ಅಗತ್ಯವಿಲ್ಲದ, ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಇವರಿಗೆ ಮಾಡಬಹುದು. ರಕ್ತಹೀನತೆ ಇದ್ದವರಲ್ಲಿ ಅದು ದಾರಿ ತಪ್ಪಿಸಬಹುದಾದ್ದರಿಂದ ಹಿಮೋಗ್ಲೋಬಿನ್ ಜೊತೆಗಿಟ್ಟು ಓದಬೇಕು, ಅಷ್ಟೆ.

ಇನ್ನೊಂದು ಕೊರತೆ ಚಿಕ್ಕದೆನಿಸಿದರೂ ನನ್ನನ್ನು ಹೆಚ್ಚು ಕಾಡುತ್ತದೆ. ತೂಕ, ಎತ್ತರ ಬರೆದುಕೊಳ್ಳುವವರು ಸೊಂಟದ ಸುತ್ತಳತೆ ತೆಗೆಯುವುದಿಲ್ಲ. ಪಾಳಿಯುದ್ದಕ್ಕೂ ಸೀಟಿನಲ್ಲಿ ಕುಳಿತು ಕುಲುಕಾಡುವ ಡಂಪರ್ ಚಾಲಕನ ಕೈಕಾಲು ಸಣಕಲಾಗಿರುತ್ತವೆ, ಹೊಟ್ಟೆ ಮಾತ್ರ ಬೆಳೆದಿರುತ್ತದೆ. ತೂಕದ ಯಂತ್ರಕ್ಕೆ ಅವನು ಆರೋಗ್ಯವಂತ. ನಮ್ಮ ಜನರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಎಚ್ಚರಿಕೆ ಬೇಕು. ಇದಕ್ಕೆ ಬೇಕಾಗಿರುವುದು ಒಂದು ಟೇಪು.

ಧೂಳಿನ ಕಾಯಿಲೆಯೇ ನಮ್ಮ ಕಾಯಿಲೆ, ಶುಗರ್ ಮನೆಯ ವಿಷಯ ಎಂಬ ಭಾವನೆ ಗಣಿಗಳಲ್ಲಿ ಬೇರೂರಿದೆ. ಇವೆರಡೂ ಒಂದೇ ಎದೆಯಲ್ಲಿ ಕೂಡುತ್ತವೆ. ಈ ಬೆಟ್ಟಗಳ ಅದಿರಿನ ಪದರಗಳ ನಡುವೆ ಸಿಲಿಕಾ ಇರುವ ಕಲ್ಲಿದೆ. ಸಿಲಿಕಾ ಧೂಳು ಹೊಕ್ಕ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ತಗಲುತ್ತದೆ, ಹತೋಟಿಯಲ್ಲಿಲ್ಲದ ಮಧುಮೇಹವೂ ಕ್ಷಯಕ್ಕೆ ದಾರಿ ಮಾಡುತ್ತದೆ, ಮೇಲೆ ಬೀಡಿಯೂ ಸೇರಿದರೆ ಶ್ವಾಸಕೋಶದ ಜೊತೆಗೆ ಹೃದಯಕ್ಕೂ ಕುತ್ತು. ಎಕ್ಸ್‌-ರೇ ನೋಡುವ ವೈದ್ಯರ ಮುಂದೆ ಶುಗರ್‌ನ ಸರಿಯಾದ ಅಂಕಿಯೂ ಇರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ವರದಿ ಇಂಗ್ಲಿಷಿನಲ್ಲಿರುತ್ತದೆ, ಮೊದಲು ಗುತ್ತಿಗೆದಾರರ ಕೈಗೆ ಹೋಗುತ್ತದೆ. ‘ಅನ್‌ಫಿಟ್’ ಎಂದು ಬರೆದರೆ ಕೂಲಿ ನಿಲ್ಲುತ್ತದೆಂಬ ಭಯಕ್ಕೆ ಕಾರ್ಮಿಕರು ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನೂ ಮುಚ್ಚಿಡುತ್ತಾರೆ. ‘ಅನ್ನ ಕಡಿಮೆ ಮಾಡಿ, ವಾಕಿಂಗ್ ಮಾಡಿ’ ಎಂಬ ಒಂದೇ ಸಲಹೆ ಎಲ್ಲರಿಗೂ ಸಿಗುತ್ತದೆ. ರಾತ್ರಿ ಪಾಳಿಯವನು ಯಾವಾಗ ಉಣ್ಣಬೇಕು, ಯಾವಾಗ ಮಲಗಬೇಕು, ಕ್ಯಾಂಟೀನಿನಲ್ಲಿ ಜೋಳದ ರೊಟ್ಟಿ, ಕಾಳಿನ ಪಲ್ಯ ಸಿಗುವಂತೆ ಮಾಡುವವರು ಯಾರು ಎಂಬುದನ್ನು ಯಾರೂ ಕೇಳುವುದಿಲ್ಲ.

ಐದಕ್ಕೆ ಮೂರು ಅಂಕ ಕೊಡುತ್ತೇನೆ, ಆ ಮೂರೂ ಎದೆ ಮತ್ತು ಕಿವಿಯ ಪರೀಕ್ಷೆಗಳಿಗೆ. ಈ ಸೇವೆಯನ್ನು ಕರೆಸುವ ಗಣಿಗಳು ರಾತ್ರಿ ಪಾಳಿಯವರಿಗೆ ವಾರದ ರಜೆಯ ಮರುದಿನ ಬೆಳಿಗ್ಗೆ ಪರೀಕ್ಷೆ, ಕಾರ್ಮಿಕನ ಕೈಗೇ ಕನ್ನಡದ ವರದಿ, ಅಂಕಿ ಏರಿದವರಿಗೆ ಮೂರು ತಿಂಗಳಲ್ಲಿ ಮರುಪರೀಕ್ಷೆ ಎಂಬ ಷರತ್ತುಗಳನ್ನು ಒಪ್ಪಂದದಲ್ಲೇ ಬರೆಸಬೇಕು. ಮರುಪರೀಕ್ಷೆಯ ಖರ್ಚಿಗೆ, ಗಣಿಗಾರಿಕೆಯಿಂದ ಬಾಧಿತರಾದವರ ಒಳಿತಿಗೆಂದು ಗಣಿ ಕಂಪನಿಗಳಿಂದ ಹಣ ಪಡೆಯುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ಕೇಳಲು ಅಡ್ಡಿಯಿಲ್ಲ. ಆರೋಗ್ಯವು ಆ ನಿಧಿಯ ಆದ್ಯತೆಯ ಕ್ಷೇತ್ರಗಳಲ್ಲೊಂದು.